ಹಾಲು-ತುಪ್ಪವಿಲ್ಲದ ದುಃಖ: ಗರ್ಭ ಕಳೆದುಕೊಂಡವರ ಜೊತೆ ನಿಲ್ಲುವುದು ಹೇಗೆ

ಬೆಂಗಳೂರಿನ ಜ್ಞಾನಭಾರತಿ ಕ್ಯಾಂಪಸ್ಸಿನ ಸುತ್ತಮುತ್ತ, ನಾಗರಭಾವಿಯಿಂದ ಮಲ್ಲತ್ತಹಳ್ಳಿ, ಉಲ್ಲಾಳದವರೆಗೆ, ಅತ್ತ ಕೆಂಗೇರಿ ಉಪನಗರದವರೆಗೆ, ಯಾವ ಬೀದಿಯಲ್ಲಾದರೂ ಹಿರಿಯರೊಬ್ಬರು ತೀರಿಕೊಂಡರೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತು. ಪಕ್ಕದ ಮನೆಯವರು ಕಾಫಿ ಕಾಯಿಸುತ್ತಾರೆ, ಯಾರೋ ಶಾಮಿಯಾನ ಹಾಕಿಸುತ್ತಾರೆ, ಊರಿಂದ ನೆಂಟರು ಬಸ್ಸು ಹತ್ತುತ್ತಾರೆ. ಮೂರನೇ ದಿನಕ್ಕೆ ಹಾಲು-ತುಪ್ಪ, ಹನ್ನೊಂದಕ್ಕೋ ಹದಿಮೂರಕ್ಕೋ ತಿಥಿ, ಕೆಲವರಲ್ಲಿ ಶಿವಗಣಾರಾಧನೆ, ಮುಸ್ಲಿಮರ ಮನೆಯಾದರೆ ಒಲೆ ಹಚ್ಚಲು ಬಿಡದೆ ನೆರೆಯವರೇ ಕಳಿಸುವ ಊಟ. ಅದೇ ಬೀದಿಯ ಬಾಡಿಗೆ ಮನೆಗೆ, ಮೂರು ತಿಂಗಳ ಬಸುರು ಕಳೆದುಕೊಂಡ ಹೆಣ್ಣುಮಗಳೊಬ್ಬಳು ಆಸ್ಪತ್ರೆಯಿಂದ ಆಟೊದಲ್ಲಿ ಬಂದು ಇಳಿದರೆ, ಏನು ಮಾಡಬೇಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಬಂದವರು ಪಿಸುಮಾತಿನಲ್ಲಿ ವಿಚಾರಿಸುತ್ತಾರೆ, ಬರದವರು ಗೊತ್ತೇ ಇಲ್ಲದವರಂತೆ ಇದ್ದುಬಿಡುತ್ತಾರೆ. ಸೋಮವಾರಕ್ಕೆ ಗಂಡ ಕೆಲಸಕ್ಕೆ ಹೊರಡುತ್ತಾನೆ, ವಾರ ಕಳೆಯುವ ಹೊತ್ತಿಗೆ ಅವಳೂ ಹೊರಡಬೇಕಾಗುತ್ತದೆ.

ಈ ಎರಡು ಮನೆಗಳ ನಡುವಿನ ವ್ಯತ್ಯಾಸ ದುಃಖದ ಪ್ರಮಾಣದಲ್ಲಿಲ್ಲ. ಒಂದು ದುಃಖವನ್ನು ಸಮಾಜ ಒಪ್ಪಿಕೊಂಡಿದೆ, ಇನ್ನೊಂದನ್ನು ಒಪ್ಪಿಕೊಂಡಿಲ್ಲ, ಅಷ್ಟೇ. ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥದ್ದನ್ನು ಹಕ್ಕು ಕಳೆದುಕೊಂಡ ದುಃಖವೆಂದು ಗುರುತಿಸಿದರು: ಬಹಿರಂಗವಾಗಿ ಅಳಲಾಗದ, ರಜೆ ಕೇಳಲಾಗದ, ಯಾರೂ ಬಂದು ಕೂರದ ದುಃಖ. ಸಾವಿನ ಮನೆಯ ನಮ್ಮ ಪದ್ಧತಿಗಳನ್ನು ಗಮನವಿಟ್ಟು ನೋಡಿದರೆ ಅವುಗಳಲ್ಲಿ ಎರಡೇ ಸಾರ ಕಾಣುತ್ತದೆ. ಒಂದು, ನಡೆದದ್ದು ನಷ್ಟವೆಂದು ಊರೆಲ್ಲ ಒಪ್ಪುವುದು. ಎರಡು, ಆ ಮನೆಯ ಕೆಲಸವನ್ನು ಕೆಲವು ದಿನ ಬೇರೆಯವರು ಹೊರುವುದು. ಸಾಂತ್ವನದ ಮಾತು ಬರುವುದು ಇವೆರಡರ ನಂತರ. ಗರ್ಭ ಕಳೆದುಕೊಂಡವರಿಗಾಗಲಿ, ಬೇರಾವುದೇ ಸಾವು ಕಂಡವರಿಗಾಗಲಿ ನೆರವಾಗಬೇಕೆಂದಿರುವವರು ಇದೇ ಕ್ರಮ ಹಿಡಿಯಬೇಕು: ಮೊದಲು ಒಪ್ಪಿಗೆ, ಆಮೇಲೆ ಕೆಲಸ, ಕೊನೆಗೆ ಮಾತು. ನಾವು ಹೆಚ್ಚಾಗಿ ಮಾಡುತ್ತಿರುವುದು ಇದರ ತಿರುವುಮುರುವು.

ಎಷ್ಟು ಮನೆಗಳ ಮಾತು ಇದು?

ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2021ರಲ್ಲಿ ಪ್ರಕಟಿಸಿದ ಲೇಖನ ಸರಣಿಯ ಪ್ರಕಾರ, ಗೊತ್ತಾದ ಗರ್ಭಗಳಲ್ಲಿ ನೂರಕ್ಕೆ ಸುಮಾರು 15 ತಾವಾಗಿಯೇ ಬಿದ್ದುಹೋಗುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ ಅಂದಾಜು 2.3 ಕೋಟಿ, ಅಂದರೆ ನಿಮಿಷಕ್ಕೆ 44. ಏಳು ತಿಂಗಳು, ಅಂದರೆ 28 ವಾರ ತುಂಬಿದ ಮೇಲೆ ಸತ್ತು ಹುಟ್ಟುವ ಶಿಶುಗಳು ವರ್ಷಕ್ಕೆ ಸುಮಾರು 20 ಲಕ್ಷ. ಒಂದೊಂದು ದೇಶದ ಲೆಕ್ಕ ಹಿಡಿದರೆ ಅತಿ ಹೆಚ್ಚು ಆಗುವುದು ಭಾರತದಲ್ಲಿ. ನೂರಕ್ಕೆ 15 ಎಂದರೆ, ಒಂದು ಅಪಾರ್ಟ್‌ಮೆಂಟಿನಲ್ಲಿ, ಒಂದು ಗಾರ್ಮೆಂಟ್ಸ್ ಲೈನಿನಲ್ಲಿ, ಒಂದು ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇಂಥ ನಷ್ಟ ಕಂಡವರು ಯಾರಾದರೂ ಇದ್ದೇ ಇರುತ್ತಾರೆ. ಅವರು ಹೇಳಿಕೊಂಡಿಲ್ಲ, ನಾವು ಕೇಳಿಲ್ಲ.

ಈ ನಷ್ಟ ಮನಸ್ಸಿನಲ್ಲಿ ಬಹಳ ಕಾಲ ಉಳಿಯುವುದಿಲ್ಲ ಎಂಬ ನಂಬಿಕೆಗೆ ಆಧಾರವಿಲ್ಲ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಮೊದಲ ತಿಂಗಳುಗಳಲ್ಲೇ ಗರ್ಭ ಕಳೆದುಕೊಂಡ ಮಹಿಳೆಯರನ್ನು ಅಧ್ಯಯನ ಮಾಡಿದರು. ಒಂದು ತಿಂಗಳ ನಂತರ ಅವರಲ್ಲಿ ನೂರಕ್ಕೆ 29 ಮಂದಿಯಲ್ಲಿ ದೊಡ್ಡ ಆಘಾತದ ನಂತರ ಕಾಣುವ ಮಾನಸಿಕ ಲಕ್ಷಣಗಳಿದ್ದವು. ಅದೇ ದೃಶ್ಯ ಮತ್ತೆ ಮತ್ತೆ ಕಣ್ಣೆದುರು ಬರುವುದು, ಕೆಟ್ಟ ಕನಸು, ಅದನ್ನು ನೆನಪಿಸುವ ಜಾಗಗಳನ್ನು ತಪ್ಪಿಸಿಕೊಂಡು ಓಡಾಡುವುದು ಇಂಥವು. ಒಂಬತ್ತು ತಿಂಗಳಾದ ಮೇಲೂ ನೂರಕ್ಕೆ 18 ಮಂದಿಯಲ್ಲಿ ಅವು ಹಾಗೆಯೇ ಇದ್ದವು. ಅಂದರೆ ಹೆರಿಗೆಯ ತಾರೀಖು ದಾಟಿ ಹೋದ ಮೇಲೂ ಐವರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಅದು ಮುಗಿದಿರಲಿಲ್ಲ. ಇದು ಬೇರೆ ದೇಶದ ಲೆಕ್ಕ, ನಿಜ. ಆದರೆ ಮಗು ಆಗುವುದೇ ಹೆಣ್ಣಿನ ಸ್ಥಾನವನ್ನು ನಿರ್ಧರಿಸುವ ಕುಟುಂಬಗಳಲ್ಲಿ ಈ ಭಾರ ಕಡಿಮೆಯಿರುತ್ತದೆಂದು ಊಹಿಸಲು ಯಾವ ಕಾರಣವೂ ಇಲ್ಲ.

ಮಾತು ಎಲ್ಲಿ ತಪ್ಪುತ್ತದೆ?

“ಇನ್ನೂ ವಯಸ್ಸಿದೆ, ಇನ್ನೊಂದಾಗತ್ತೆ ಬಿಡು.” “ಆಗೋದೆಲ್ಲಾ ಒಳ್ಳೇದಕ್ಕೆ.” “ಋಣ ಇಷ್ಟೇ ಇತ್ತು.” “ಸದ್ಯ ಬೇಗ ಹೋಯ್ತು, ಇನ್ನೂ ಬೆಳೆದಿದ್ದರೆ ಕಷ್ಟ ಆಗ್ತಿತ್ತು.” ಇವನ್ನು ಹೇಳುವವರಲ್ಲಿ ಕೆಟ್ಟ ಮನಸ್ಸಿನವರು ಅಪರೂಪ. ಆದರೂ ಈ ಮಾತುಗಳು ಚುಚ್ಚುತ್ತವೆ, ಏಕೆಂದರೆ ಪ್ರತಿಯೊಂದೂ ನಷ್ಟವನ್ನು ಚಿಕ್ಕದು ಮಾಡುತ್ತದೆ. ಇನ್ನೊಂದಾಗುತ್ತದೆ ಎಂಬ ಮಾತು ವೈದ್ಯಕೀಯವಾಗಿ ಬಹುಪಾಲು ನಿಜ. ಒಮ್ಮೆ ಗರ್ಭ ಹೋದ ಹೆಚ್ಚಿನವರಿಗೆ ಮುಂದೆ ಮಕ್ಕಳಾಗುತ್ತವೆ. ಆದರೆ ಹೋದದ್ದು ಈ ಮಗು. ಅಪ್ಪನನ್ನು ಕಳೆದುಕೊಂಡವರಿಗೆ ಚಿಕ್ಕಪ್ಪ ಇದ್ದಾರಲ್ಲ ಎಂದು ಯಾರೂ ಹೇಳುವುದಿಲ್ಲ. “ಎಲ್ಲರಿಗೂ ಆಗತ್ತೆ” ಎನ್ನುವವರು ಕಿಸಾಗೋತಮಿಯ ಕಥೆಯನ್ನು ನೆನಪಿಸಿಕೊಳ್ಳಬೇಕು. ಸತ್ತ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಬುದ್ಧ ಉಪದೇಶ ಮಾಡಲಿಲ್ಲ, ಸಾವಿಲ್ಲದ ಮನೆಯ ಸಾಸಿವೆ ತರಲು ಕಳಿಸಿದ. ಆ ಕಥೆಯನ್ನು ನಾವು ಸಾವು ಸಾಮಾನ್ಯ ಎಂದು ತಿಳಿಹೇಳಲು ಬಳಸುತ್ತೇವೆ. ಆದರೆ ಅವಳಿಗೆ ನೆರವಾದದ್ದು ಆ ತತ್ವವೊಂದೇ ಅಲ್ಲ. ಮನೆಮನೆಯ ಬಾಗಿಲಲ್ಲಿ ಒಬ್ಬೊಬ್ಬರೂ ತಮ್ಮ ನಷ್ಟವನ್ನು ಅವಳಿಗೆ ಹೇಳಿಕೊಂಡರು, ಅವಳ ತೋಳಲ್ಲಿದ್ದದ್ದನ್ನು ಕಂಡರು. ತನ್ನದೂ ಒಂದು ಸಾವೆಂದು ಊರು ಒಪ್ಪಿದ ಮೇಲೆಯೇ ಅವಳು ಮಗುವನ್ನು ಕೆಳಗಿಳಿಸಿದ್ದು.

ಚಿಕ್ಕದು ಮಾಡುವ ಮಾತಿಗಿಂತ ಕೆಟ್ಟದ್ದು ತಪ್ಪು ಹುಡುಕುವ ಪ್ರಶ್ನೆ. “ಗಾಡಿ ಓಡಿಸಿದ್ಯಾ?” “ಪಪ್ಪಾಯ ತಿಂದ್ಯಾ?” “ಗ್ರಹಣದಲ್ಲಿ ಹೊರಗೆ ಬಂದಿದ್ಯಾ?” ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕಾರಣ ಭ್ರೂಣದ ವರ್ಣತಂತುಗಳ ಸಂಖ್ಯೆಯಲ್ಲಿ ಆಗುವ ದೋಷ. ಗರ್ಭ ಕಟ್ಟುವ ಹೊತ್ತಿಗೇ ಅದು ನಿರ್ಧಾರವಾಗಿರುತ್ತದೆ, ಆಮೇಲೆ ಅವಳು ಏನು ಮಾಡಿದ್ದರೂ ಅದು ಬದಲಾಗುತ್ತಿರಲಿಲ್ಲ. ದಿನನಿತ್ಯದ ಮನೆಗೆಲಸ, ಆಫೀಸಿನ ಕೆಲಸ, ಬಸ್ಸಿನ ಪ್ರಯಾಣ, ಒಂದು ತುಂಡು ಹಣ್ಣು, ಗ್ರಹಣ ಇವು ಕಾರಣವಲ್ಲ. ಈ ಒಂದು ಸಂಗತಿಯನ್ನು ವೈದ್ಯರ ಬಾಯಿಂದಲೇ, ಅತ್ತೆ-ಮಾವ ಮತ್ತು ಗಂಡ ಎದುರಿಗಿರುವಾಗ ಹೇಳಿಸುವುದು ಹತ್ತಿರದವರು ಮಾಡಬಹುದಾದ ದೊಡ್ಡ ಉಪಕಾರ. ಹಾಗೆ ಹೇಳಿಸದಿದ್ದರೆ ಅವಳು ತನ್ನ ಮೇಲೆ ತಾನೇ ಹೊರಿಸಿಕೊಂಡ ಆರೋಪ ವರ್ಷಗಟ್ಟಲೆ ಉಳಿಯಬಹುದು.

ಹಾಗಾದರೆ ಏನು ಹೇಳಬೇಕು? ಕಡಿಮೆ ಹೇಳಬೇಕು. “ವಿಷಯ ಗೊತ್ತಾಯ್ತು, ತುಂಬಾ ಸಂಕಟ ಆಯ್ತು” ಎಂಬುದು ಸಾಕು. “ಏನಾದ್ರೂ ಬೇಕಿದ್ರೆ ಹೇಳು” ಎನ್ನುವ ಬದಲು “ನಾಳೆ ಮಧ್ಯಾಹ್ನದ ಊಟ ನಾನು ತರ್ತೀನಿ, ಬಾಗಿಲಲ್ಲಿಟ್ಟು ಹೋಗಲೋ, ಒಳಗೆ ಬರಲೋ?” ಎಂದು ಕೇಳಬೇಕು. ದುಃಖದಲ್ಲಿರುವವರಿಗೆ ತಮಗೇನು ಬೇಕೆಂದು ಯೋಚಿಸುವುದೇ ಒಂದು ದುಡಿಮೆ. ಆ ದುಡಿಮೆಯನ್ನೂ ಅವರ ಮೇಲೆ ಹಾಕಬಾರದು. ಮಗುವಿಗೆ ಹೆಸರಿಟ್ಟಿದ್ದರೆ, ಅವರು ಆ ಹೆಸರು ಹಿಡಿದು ಮಾತಾಡಿದರೆ, ನೀವೂ ಅದೇ ಹೆಸರಿನಲ್ಲಿ ಮಾತಾಡಿ.

ಆಸ್ಪತ್ರೆಯಲ್ಲಿ

ಸ್ಕ್ಯಾನಿಂಗ್ ಕೋಣೆಯಲ್ಲಿ “ಹಾರ್ಟ್‌ಬೀಟ್ ಕಾಣ್ತಿಲ್ಲ” ಎಂದು ಕೇಳಿಸಿಕೊಂಡ ದಂಪತಿಗೆ ಆಮೇಲೆ ವೈದ್ಯರು ಹೇಳಿದ್ದು ಹೆಚ್ಚೇನೂ ನೆನಪಿರುವುದಿಲ್ಲ. ಆದ್ದರಿಂದ ಜೊತೆಗೆ ಹೋದವರೊಬ್ಬರು ಕಾಗದ, ಪೆನ್ನು ಹಿಡಿದು ನಾಲ್ಕು ವಿಷಯ ಕೇಳಿ ಬರೆದುಕೊಳ್ಳಬೇಕು. ಆರಂಭದ ತಿಂಗಳುಗಳಲ್ಲಿ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ: ತಾನಾಗಿ ಆಗಲೆಂದು ಕಾಯುವುದು, ಮಾತ್ರೆ, ಅಥವಾ ಸಣ್ಣ ಶಸ್ತ್ರಕ್ರಿಯೆ. ಇವರ ಸ್ಥಿತಿಗೆ ಯಾವುದು ಸುರಕ್ಷಿತ, ನಿರ್ಧರಿಸಲು ಎಷ್ಟು ಸಮಯವಿದೆ? ತಾಯಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕೇ? ಬೇಕಿದ್ದರೆ ಅದನ್ನು 72 ಗಂಟೆಯೊಳಗೆ ಕೊಡಬೇಕು. ಕಾರಣ ತಿಳಿಯಲು ಯಾವ ಪರೀಕ್ಷೆ ಮಾಡಬಹುದು? ಮತ್ತೆ ಯಾವಾಗ ತೋರಿಸಬೇಕು? ಮನೆಗೆ ಬಂದ ಮೇಲೆ ಗಂಟೆಗೆ ಎರಡು ಪ್ಯಾಡ್ ತೊಯ್ಯುವಷ್ಟು ರಕ್ತಸ್ರಾವ ನಿಲ್ಲದೆ ಆಗುತ್ತಿದ್ದರೆ, ಜ್ವರ, ದುರ್ವಾಸನೆಯ ಸ್ರಾವ, ತಡೆಯಲಾಗದ ಹೊಟ್ಟೆನೋವು, ತಲೆಸುತ್ತಿ ಬೀಳುವುದು ಇದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ತಿಂಗಳು ತುಂಬಿದ ಮೇಲೆ ಶಿಶು ಸತ್ತು ಹುಟ್ಟಿದರೆ ಇನ್ನೊಂದು ನಿರ್ಧಾರ ಎದುರಾಗುತ್ತದೆ. ತಾಯಿಗೆ ಎಚ್ಚರವಾಗುವ ಮೊದಲೇ ಗಂಡಸರು ಶಿಶುವನ್ನು ಕೊಂಡೊಯ್ದು ಮಣ್ಣು ಮಾಡಿ ಬಂದುಬಿಡುವುದು ನಮ್ಮಲ್ಲಿ ಬಹಳ ಕಡೆ ರೂಢಿ. ನೋಡಿದರೆ ಮರೆಯಲಾಗುವುದಿಲ್ಲ ಎಂಬುದು ಅದರ ಹಿಂದಿರುವ ಕಾಳಜಿ. ಈ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. 2002ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ, ಮಗುವನ್ನು ಎತ್ತಿಕೊಂಡ ತಾಯಂದಿರಲ್ಲಿ ಖಿನ್ನತೆ ಹೆಚ್ಚು ಕಂಡುಬಂದಿತ್ತು. ಆದರೆ ಸ್ವೀಡನ್ ಮುಂತಾದ ಕಡೆ ನಡೆದ ಅಧ್ಯಯನಗಳಲ್ಲಿ, ನೋಡಿದ, ಎತ್ತಿಕೊಂಡ ತಾಯಂದಿರು ಅದರಿಂದ ನೆಮ್ಮದಿ ಕಂಡದ್ದೂ ದಾಖಲಾಗಿದೆ. ಸಾಕ್ಷ್ಯ ಹೀಗೆ ಎರಡೂ ಕಡೆ ಇರುವಾಗ ಸರಿಯಾದ ದಾರಿ ಒಂದೇ. ನೋಡಲೇಬೇಕೆಂದು ಒತ್ತಾಯಿಸಬಾರದು, ನೋಡಬಾರದೆಂದು ತಡೆಯಲೂಬಾರದು. ಮಗು ಹೇಗೆ ಕಾಣುತ್ತದೆಂದು ಮೊದಲೇ ಹೇಳಿ, ಅವಳನ್ನೇ ಕೇಳಬೇಕು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಬೇಕು. ಮಣ್ಣು ಮಾಡುವುದು ಎಲ್ಲಿ, ಯಾರ ಕೈಯಲ್ಲಿ ಎಂಬುದನ್ನೂ ಅವಳಿಗೆ ತಿಳಿಸಿ, ಅವಳ ಒಪ್ಪಿಗೆಯಿಂದಲೇ ಮುಂದುವರಿಯಬೇಕು. ಕಾಲಿನ ಅಚ್ಚು, ಕೈಪಟ್ಟಿ, ಸ್ಕ್ಯಾನಿನ ಚಿತ್ರ ಇವನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿಡಿ. ಇಂದು ಬೇಡವೆಂದವಳು ಮುಂದಿನ ವರ್ಷ ಕೇಳಬಹುದು, ಎಸೆದದ್ದನ್ನು ಮರಳಿ ತರಲಾಗದು. “ಹೆಣ್ಣಾಗಿತ್ತಂತೆ, ಬಿಡಿ” ಎಂಬ ಮಾತು ಯಾರ ಬಾಯಲ್ಲಾದರೂ ಬಂದರೆ ಅಲ್ಲೇ ತಡೆಯಿರಿ.

ವಾರ್ಡಿನಲ್ಲಿ ಸಾಧ್ಯವಿದ್ದಷ್ಟೂ ಹಸುಗೂಸುಗಳ ಅಳು ಕೇಳದ ಕಡೆ ಹಾಸಿಗೆ ಕೊಡಿಸಲು ಸಿಸ್ಟರನ್ನು ಕೇಳಿ. ತುಂಬಿದ ಸರ್ಕಾರಿ ವಾರ್ಡಿನಲ್ಲಿ ಇದು ಯಾವಾಗಲೂ ಸಿಗದು. ಆದರೆ ಕೇಳಿದರೆ ಮೂಲೆಯ ಹಾಸಿಗೆ, ಒಂದು ಪರದೆ, ಬೇಗ ಡಿಸ್ಚಾರ್ಜ್ ಇವುಗಳಲ್ಲಿ ಒಂದಾದರೂ ಸಿಗಬಹುದು. 28 ವಾರ ತುಂಬಿದ ಮೇಲೆ ಸತ್ತು ಹುಟ್ಟಿದ ಶಿಶುವಿನ ವಿವರ 1969ರ ಜನನ-ಮರಣ ನೋಂದಣಿ ಕಾಯ್ದೆಯಂತೆ 21 ದಿನದೊಳಗೆ ದಾಖಲಾಗಬೇಕು. ಆಸ್ಪತ್ರೆಯಲ್ಲಿ ಆದದ್ದಾದರೆ ಮಾಹಿತಿ ಕೊಡುವ ಹೊಣೆ ಆಸ್ಪತ್ರೆಯದ್ದು. ಕೊಟ್ಟಿದ್ದಾರೆಯೇ ಎಂದು ವಿಚಾರಿಸುವ ಕೆಲಸ ಮನೆಯ ಬೇರೊಬ್ಬರಿಗಿರಲಿ.

ಮಗುವಿಲ್ಲದವಳಿಗೂ ಬಾಣಂತನ

ನಮ್ಮ ಬಾಣಂತನದ ಪದ್ಧತಿಯಲ್ಲಿ ಹೆತ್ತವಳ ದೇಹಕ್ಕೆ ಬೇಕಾದ್ದೆಲ್ಲ ಇದೆ: ಬಿಸಿ ಊಟ, ನಿದ್ದೆ, ಕೆಲಸದಿಂದ ಬಿಡುವು, ಪಕ್ಕದಲ್ಲಿ ಒಬ್ಬರು. ಮಗು ಉಳಿಯದಿದ್ದರೆ ಇದೆಲ್ಲ ಒಮ್ಮೆಗೇ ನಿಂತುಹೋಗುತ್ತದೆ. ದೇಹ ಮಾತ್ರ ಹೆತ್ತ ದೇಹವೇ. ನಾಲ್ಕು ತಿಂಗಳು ದಾಟಿದ ಗರ್ಭ ಹೋದರೆ ಎರಡರಿಂದ ಐದು ದಿನದೊಳಗೆ ಎದೆಹಾಲು ಇಳಿಯಬಹುದು. ಹೀಗಾಗಬಹುದೆಂದು ಮೊದಲೇ ಹೇಳದಿದ್ದರೆ ಆ ಗಳಿಗೆ ಎರಡನೆಯ ಆಘಾತವಾಗುತ್ತದೆ. ಒತ್ತಾಗಿ ಕೂರುವ ಒಳ ಉಡುಪು, ತಣ್ಣನೆಯ ಬಟ್ಟೆ, ಹಾಲನ್ನು ಪೂರ್ತಿ ಹಿಂಡಿ ತೆಗೆಯದೆ ನೋವು ಇಳಿಯುವಷ್ಟು ಮಾತ್ರ ತೆಗೆಯುವುದು, ನೋವಿಗೆ ವೈದ್ಯರು ಹೇಳಿದ ಮಾತ್ರೆ, ಇವು ನೆರವಾಗುತ್ತವೆ. ಕೆಂಪಾಗಿ ಜ್ವರ ಬಂದರೆ ತೋರಿಸಬೇಕು. ಹಾಲು ನಿಲ್ಲಿಸುವ ಔಷಧವೂ ಇದೆ, ಅದು ಎಲ್ಲರಿಗೂ ಹೊಂದುವುದಿಲ್ಲವಾದ್ದರಿಂದ ವೈದ್ಯರ ಸಲಹೆ ಬೇಕೇ ಬೇಕು. ಸಾಧ್ಯವಿರುವ ಮನೆಯವರು ಬಾಣಂತನವನ್ನು ಆರು ವಾರ ಬೇಷರತ್ತಾಗಿ ಮಾಡಲಿ. ತವರು ಹಾಸನದಲ್ಲೋ ತುಮಕೂರಿನಲ್ಲೋ ಇದ್ದು, ಅಮ್ಮ ಬರಲಾಗದ ಬಾಡಿಗೆ ಮನೆಗಳೇ ಈ ಭಾಗದಲ್ಲಿ ಹೆಚ್ಚು. ಅಂಥ ಕಡೆ ಮೇಲಿನ ಮನೆಯವರು, ಬೆಳಗಿನ ವಾಕಿಂಗ್ ಗೆಳತಿಯರು, ಸಹೋದ್ಯೋಗಿಗಳು ಎರಡು ವಾರದ ಊಟದ ಪಾಳಿ ಹಂಚಿಕೊಂಡರೆ ಸಾಕು. ನಾಲ್ಕು ಮನೆಗಳಿಗೆ ಅದು ಭಾರವಲ್ಲ.

ಹೊರಗಿನಿಂದ ಕಾಣದ ಇನ್ನೊಂದು ಕೆಲಸವೂ ಇದೆ. ಗರ್ಭಿಣಿಯ ಹೆಸರು ಅನೇಕ ಪಟ್ಟಿಗಳಲ್ಲಿ ಸೇರಿರುತ್ತದೆ. ತಾಯಿ ಕಾರ್ಡ್ ಮಾಡಿಸಿದ ಆಶಾ ಕಾರ್ಯಕರ್ತೆಯ ಪುಸ್ತಕ, ಅಂಗನವಾಡಿಯ ದಾಖಲೆ, ಆಸ್ಪತ್ರೆಯ ಮುಂದಿನ ಅಪಾಯಿಂಟ್‌ಮೆಂಟ್, ಫೋನಿನಲ್ಲಿ ವಾರವಾರಕ್ಕೂ ಮಗು ಎಷ್ಟು ಬೆಳೆದಿದೆಯೆಂದು ಹೇಳುವ ಆ್ಯಪ್, ಸೀಮಂತಕ್ಕೆ ಗೊತ್ತುಮಾಡಿದ್ದ ಛತ್ರ ಮತ್ತು ಫೋಟೊದವರು. ಯಾರೂ ತಿಳಿಸದಿದ್ದರೆ ಮೂರು ತಿಂಗಳ ನಂತರ ಒಂದು ಕರೆ ಬರುತ್ತದೆ: “ಮಗುವಿಗೆ ಲಸಿಕೆ ಹಾಕಿಸಿದ್ರಾ ಮೇಡಂ?” ಕರೆ ಮಾಡಿದವರ ತಪ್ಪಿಲ್ಲ. ಒಬ್ಬ ಸ್ನೇಹಿತೆ ಒಂದು ಮಧ್ಯಾಹ್ನ ಕೂತು, ಅವಳ ಅನುಮತಿ ಪಡೆದು, ಈ ಎಲ್ಲ ಕಡೆಗೂ ತಿಳಿಸಿ ಹೆಸರು ತೆಗೆಸಿದರೆ, ಆ ಕರೆಗಳು ಬರುವುದಿಲ್ಲ. ಆದರೆ ಮನೆಯಲ್ಲಿ ತಂದಿಟ್ಟ ಪುಟ್ಟ ಬಟ್ಟೆ, ತೊಟ್ಟಿಲುಗಳನ್ನು ಅವಳು ಹೇಳದೆ ತೆಗೆಯಬಾರದು. ಅವುಗಳ ವಿಲೇವಾರಿ ಅವಳ ಹಕ್ಕು.

ತಂದೆಯ ದುಃಖ, ಗೆಳೆಯರ ದುಃಖ

ಎಲ್ಲರೂ ಗಂಡನಿಗೆ ಹೇಳುವ ಮಾತು ಒಂದೇ: “ನೀನು ಧೈರ್ಯ ತಗೋ, ಅವಳನ್ನ ನೋಡ್ಕೋ.” ಅವನನ್ನು ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಆಸ್ಪತ್ರೆಯ ಬಿಲ್ಲು, ಮಣ್ಣು ಮಾಡುವುದು, ಊರಿಗೆ ಫೋನು, ಆಫೀಸಿಗೆ ಸುಳ್ಳು ಕಾರಣ, ಎಲ್ಲ ಅವನ ಪಾಲು. ಮಗುವನ್ನು ಕಳೆದುಕೊಂಡ ತಂದೆ ಹೆಂಡತಿಯ ನೋಟವನ್ನು ಎದುರಿಸಲಾರದೆ ಒದ್ದಾಡುವುದನ್ನು ಬೇಂದ್ರೆ ತಮ್ಮ ಸ್ವಂತ ನಷ್ಟದಿಂದಲೇ ಕವಿತೆಯಾಗಿಸಿದರು. ಕನ್ನಡಿಗರು ಅದನ್ನು ಹಾಡಾಗಿ ತಲೆಮಾರುಗಳಿಂದ ಕೇಳುತ್ತಿದ್ದೇವೆ. ಹಾಡಿನಲ್ಲಿ ಒಪ್ಪಿಕೊಂಡ ತಂದೆಯ ದುಃಖವನ್ನು ಪಕ್ಕದ ಮೇಜಿನ ಸಹೋದ್ಯೋಗಿಯಲ್ಲೂ ಒಪ್ಪಿಕೊಳ್ಳಬೇಕು. ಗಂಡ-ಹೆಂಡತಿ ಒಂದೇ ರೀತಿ ದುಃಖಿಸುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ನೆದರ್‌ಲ್ಯಾಂಡ್ಸ್‌ನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಷುಟ್ 1999ರಲ್ಲಿ ವಿವರಿಸಿದಂತೆ, ದುಃಖದಲ್ಲಿರುವವರು ನಷ್ಟದ ನೆನಪಿಗೂ ದಿನದ ಬದುಕಿಗೂ ನಡುವೆ ಓಡಾಡುತ್ತಲೇ ಇರುತ್ತಾರೆ. ಒಬ್ಬರು ಅಳುತ್ತಿರುವಾಗ ಇನ್ನೊಬ್ಬರು ಕರೆಂಟ್ ಬಿಲ್ಲು ಕಟ್ಟುತ್ತಿರಬಹುದು. ಅದು ಕಲ್ಲುಮನಸ್ಸಲ್ಲ, ಓಡಾಟದ ಬೇರೆ ಹಂತ. ಐದು ಮೆಟ್ಟಿಲು ಹತ್ತಿದರೆ ದುಃಖ ಮುಗಿಯುತ್ತದೆ ಎಂಬ ಜನಪ್ರಿಯ ಕಲ್ಪನೆಯೂ ನಿಲ್ಲುವುದಿಲ್ಲ. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರ ಪುಸ್ತಕದಲ್ಲಿ ಆ ಹಂತಗಳನ್ನು ಹೇಳಿದ್ದು ಸಾವಿನಂಚಿನಲ್ಲಿದ್ದ ರೋಗಿಗಳ ಬಗ್ಗೆ.

ಕುಟುಂಬದ ಹೊರಗಿನವರ ದುಃಖಕ್ಕೂ ಜಾಗ ಬೇಕು. 2022ರ ಅಕ್ಟೋಬರ್‌ನಲ್ಲಿ ಜ್ಞಾನಭಾರತಿ ಕ್ಯಾಂಪಸ್ಸಿನೊಳಗೆ ಬಸ್ ಅಪಘಾತದಲ್ಲಿ ಗಾಯಗೊಂಡ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರು ಆಮೇಲೆ ತೀರಿಕೊಂಡರು. ಕ್ಯಾಂಪಸ್ಸಿನಲ್ಲಿ ಹೊರಗಿನ ವಾಹನಗಳ ಓಡಾಟ ನಿರ್ಬಂಧಿಸಬೇಕೆಂದು ವಿದ್ಯಾರ್ಥಿಗಳು ಪ್ರತಿಭಟಿಸಿದರು. ಅದನ್ನು ಬರೀ ಸಂಚಾರದ ಬೇಡಿಕೆ ಎಂದು ಓದಿದರೆ ಅರ್ಧ ಮಾತ್ರ ಓದಿದಂತೆ. ಸಹಪಾಠಿಗಳಿಗೆ ಸೂತಕವಿಲ್ಲ, ತಿಥಿಯಲ್ಲಿ ಸ್ಥಾನವಿಲ್ಲ, ರಜೆಯಿಲ್ಲ. ಒಟ್ಟಿಗೆ ನಿಂತು ಕೂಗುವುದೊಂದೇ ಅವರಿಗೆ ಉಳಿದ ಸಂಸ್ಕಾರ. ಹಾಸ್ಟೆಲಿನಲ್ಲಾಗಲಿ, ಪಿಜಿಯಲ್ಲಾಗಲಿ ಜೊತೆಗಾರರನ್ನು ಕಳೆದುಕೊಂಡವರಿಗೆ ಹಾಜರಾತಿಯಲ್ಲಿ ರಿಯಾಯಿತಿ, ಒಂದು ಸಭೆ, ಊರಿಗೆ ಹೋಗಿಬರಲು ಜೊತೆ ಇಷ್ಟನ್ನಾದರೂ ಸಂಸ್ಥೆಗಳು ಕೊಡಬೇಕು.

ಕಾನೂನು ಆಗಲೇ ಒಪ್ಪಿದೆ

ನಮ್ಮ ಮನೆಗಳು ಒಪ್ಪಲು ಹಿಂಜರಿಯುವುದನ್ನು ನಮ್ಮ ಕಾನೂನು 1961ರಲ್ಲೇ ಒಪ್ಪಿತು. ಆ ವರ್ಷದ ಹೆರಿಗೆ ಸೌಲಭ್ಯ ಕಾಯ್ದೆಯ 9ನೇ ಕಲಂ, ಗರ್ಭಪಾತವಾದ ಮರುದಿನದಿಂದ ಆರು ವಾರ ಸಂಬಳಸಹಿತ ರಜೆ ಕೊಡಬೇಕೆಂದಿತು. ಅದೇ ಹಕ್ಕು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಮುಂದುವರಿದಿದೆ. ನ್ಯೂಜಿಲೆಂಡ್ 2021ರಲ್ಲಿ ಇಂಥ ನಷ್ಟಕ್ಕೆ ಮೂರು ದಿನದ ರಜೆ ತಂದಾಗ ಜಗತ್ತು ಹೊಗಳಿತು. ಅಲ್ಲಿ ಸಂಗಾತಿಗೂ ರಜೆಯಿದೆ, ನಮ್ಮ ಕಾನೂನಿನಲ್ಲಿ ತಂದೆಗೆ ಏನೂ ಇಲ್ಲ ಎಂಬುದು ನಿಜ. ಆದರೆ ತಾಯಿಗೆ ಆರು ವಾರ ಎಂಬುದು ನಮ್ಮಲ್ಲಿ ಅದಕ್ಕಿಂತ ಆರು ದಶಕ ಹಳೆಯ ಹಕ್ಕು. 26ನೇ ವಾರದವರೆಗೆ ಹೋದದ್ದನ್ನು ಕಾನೂನು ಗರ್ಭಪಾತವೆಂದು ಎಣಿಸುತ್ತದೆ. ಅದರ ನಂತರ ಸತ್ತು ಹುಟ್ಟಿದರೂ ಅದು ಹೆರಿಗೆಯೇ, ಪೂರ್ಣ ಹೆರಿಗೆ ರಜೆಗೆ ಅರ್ಹತೆಯಿದೆ. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ, ಇಎಸ್‌ಐ ಕಡಿತವಾಗುವ ಹೆಣ್ಣುಮಕ್ಕಳಿಗೆ, ವಂತಿಗೆಯ ಷರತ್ತು ಪೂರೈಸಿದ್ದರೆ, ಈ ಆರು ವಾರದ ಹಣ ಇಎಸ್‌ಐ ನಿಗಮದಿಂದಲೇ ಪೂರ್ತಿ ಸಂಬಳದ ದರದಲ್ಲಿ ಸಿಗುತ್ತದೆ. ವೈದ್ಯರ ಪ್ರಮಾಣಪತ್ರ ಕೇಳಿ ಪಡೆಯಬೇಕು. ಹೆಚ್ಚಿನವರು ಈ ಹಕ್ಕು ಕೇಳುವುದಿಲ್ಲ, ಯಾಕೆಂದರೆ ಸೂಪರ್‌ವೈಸರ್‌ಗೆ ವಿಷಯ ಹೇಳಬೇಕಾಗುತ್ತದೆ. ಜೊತೆಗಾರ್ತಿಯೊಬ್ಬಳು ಅರ್ಜಿ ಬರೆದುಕೊಟ್ಟು ಎಚ್‌ಆರ್ ಕೊಠಡಿಗೆ ಜೊತೆಯಲ್ಲಿ ಹೋದರೆ ಅದೇ ನಿಜವಾದ ಸಾಂತ್ವನ.

ಆಕ್ಷೇಪಗಳಿಗೆ ಉತ್ತರ

ಇದನ್ನು ಓದುವ ಹಿರಿಯರು ಒಂದು ಮಾತು ಕೇಳಬಹುದು. ನಮ್ಮ ಕಾಲದಲ್ಲಿ ನಾಲ್ಕು ಹೋಗಿ ಮೂರು ಉಳಿಯುತ್ತಿತ್ತು, ಯಾರೂ ಇಷ್ಟು ಮಾಡಲಿಲ್ಲ, ಮರೆತು ಮುಂದೆ ಹೋದರು. ಮಾತಾಡಿಸಿದರೆ ಗಾಯ ಕೆರೆದಂತಲ್ಲವೇ? ಈ ಆಕ್ಷೇಪದಲ್ಲಿ ಒಂದು ಸತ್ಯವಿದೆ. ಆಘಾತದ ಬೆನ್ನಲ್ಲೇ ಒಂದು ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಚಿಕಿತ್ಸೆಯನ್ನು ಸಂಶೋಧಕರು ಪರೀಕ್ಷಿಸಿ, ಅದರಿಂದ ಪ್ರಯೋಜನವಿಲ್ಲವೆಂದು ಕಂಡಿದ್ದಾರೆ. ಒತ್ತಾಯದ ಮಾತು ಔಷಧವಲ್ಲ. ಆದರೆ ಮಾತಾಡಿಸದಿರುವುದಕ್ಕೂ ಮಾತಾಡಬೇಡವೆನ್ನುವುದಕ್ಕೂ ವ್ಯತ್ಯಾಸವಿದೆ. ಬಾಗಿಲು ತೆರೆದಿಡಬೇಕು, ಒಳಗೆ ಎಳೆಯಬಾರದು. ಆ ಕಾಲದ ಹೆಂಗಸರು ಮರೆತರೋ, ಯಾರೂ ಕೇಳಲಿಲ್ಲವಾದ್ದರಿಂದ ಹೇಳಲಿಲ್ಲವೋ ಎಂಬುದನ್ನು ಅದೇ ಮನೆಯ ಅಜ್ಜಿಯರನ್ನು ಸಮಾಧಾನದಿಂದ ಕೇಳಿ ತಿಳಿಯಬಹುದು.

ಎಂಟು ವಾರದ್ದಕ್ಕೆ ಇಷ್ಟೇಕೆ, ಅದಿನ್ನೂ ಮಗುವೇ ಆಗಿರಲಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ದುಃಖವನ್ನು ವಾರಗಳಲ್ಲಿ ಅಳೆಯಲಾಗುವುದಿಲ್ಲ. ಐವಿಎಫ್‌ಗೆ ಸಾಲ ಮಾಡಿ ಹತ್ತು ವರ್ಷದ ನಂತರ ಬಸುರಾದವಳ ಎಂಟು ವಾರ ಬೇರೆ, ಬೇಡದ ಗರ್ಭವಾಗಿದ್ದವಳ ಎಂಟು ವಾರ ಬೇರೆ. ಆದ್ದರಿಂದ ಇಲ್ಲಿ ಇನ್ನೊಂದು ಎಚ್ಚರವೂ ಬೇಕು: ದುಃಖವಿಲ್ಲದವಳ ಮೇಲೆ ದುಃಖ ಹೇರಬಾರದು. ಕೆಲವರಿಗೆ ನಿರಾಳವೂ ಆಗಬಹುದು, ಅದರಲ್ಲಿ ತಪ್ಪಿಲ್ಲ. ಭ್ರೂಣದಲ್ಲಿ ಗಂಭೀರ ದೋಷವಿದೆಯೆಂದು ತಿಳಿದು ಗರ್ಭ ತೆಗೆಸಿದವರ ನಷ್ಟವೂ ನಷ್ಟವೇ. ತಾವೇ ನಿರ್ಧರಿಸಿದ್ದರಿಂದ ಅಳುವ ಹಕ್ಕಿಲ್ಲವೆಂದು ಅವರೇ ಅಂದುಕೊಂಡಿರುತ್ತಾರೆ.

ಇದೆಲ್ಲ ಖಾಸಗಿ ವಿಷಯ, ನಾವು ತಲೆಹಾಕಬಾರದು ಎನ್ನುವವರೂ ಇದ್ದಾರೆ. ಗುಟ್ಟು ಕಾಪಾಡುವುದು ಖಂಡಿತ ಬೇಕು. ಅವಳು ಯಾರಿಗೆ ತಿಳಿಸಬೇಕೆನ್ನುತ್ತಾಳೋ ಅವರಿಗಷ್ಟೇ ತಿಳಿಯಲಿ. ಆದರೆ ಗೊತ್ತಿದ್ದವರು ಗೊತ್ತಿಲ್ಲದಂತೆ ನಟಿಸಿದರೆ ಅವಳಿಗೆ ಅದು ಗೌರವವಾಗಿ ಕಾಣುವುದಿಲ್ಲ. ಸೀಮಂತಕ್ಕೆ, ನಾಮಕರಣಕ್ಕೆ ಅವಳನ್ನು ಕರೆಯದೆ ಬಿಡುವುದೂ, ಕರೆದು ಆರತಿಯಿಂದ ದೂರ ಇಡುವುದೂ ಖಾಸಗಿತನದ ರಕ್ಷಣೆಯಲ್ಲ, ಅದು ಶಿಕ್ಷೆ. ಕರೆಯಬೇಕು, ಜೊತೆಗೆ “ಬರಲಾಗದಿದ್ದರೆ ಬೇಜಾರಿಲ್ಲ” ಎಂದೂ ಹೇಳಬೇಕು.

ಯಾವಾಗ ತಜ್ಞರ ಬಳಿ ಹೋಗಬೇಕು?

ದುಃಖ ರೋಗವಲ್ಲ. ಬಹುಪಾಲು ಜನರಿಗೆ ಮನೆಯವರು, ಗೆಳೆಯರು, ಕಾಲ ಇಷ್ಟೇ ಸಾಕು. ಆದರೆ ಸಾವು ಕಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ದುಃಖ ದೀರ್ಘವಾಗಿ ಗಟ್ಟಿಯಾಗಿಬಿಡುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ, ಆರು ತಿಂಗಳಾದರೂ ಬದುಕನ್ನೇ ನಿಲ್ಲಿಸುವಷ್ಟು ತೀವ್ರವಾಗಿ ಉಳಿಯುವ ದುಃಖವನ್ನು ಒಂದು ಅಸ್ವಸ್ಥತೆಯೆಂದು ಗುರುತಿಸಿದೆ. ಅಷ್ಟು ಕಾಯಲೇಬೇಕೆಂದಿಲ್ಲ. ಎರಡು ವಾರ ಕಳೆದರೂ ನಿದ್ದೆ, ಊಟ ಬಾರದಿದ್ದರೆ, ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ತನ್ನದೇ ತಪ್ಪೆಂಬ ಯೋಚನೆ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಬದುಕಿದ್ದು ಪ್ರಯೋಜನವಿಲ್ಲವೆಂಬ ಮಾತು ಬಂದರೆ ಆ ದಿನವೇ, ಒಬ್ಬರನ್ನೇ ಬಿಡದೆ, ನೆರವು ಪಡೆಯಬೇಕು.

ಮೊದಲ ಹೆಜ್ಜೆಗೆ ಟೆಲಿ-ಮಾನಸ್ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಸರ್ಕಾರಿ ಸಹಾಯವಾಣಿಯ ಸಂಖ್ಯೆ 14416. ದಿನವಿಡೀ ಕನ್ನಡದಲ್ಲಿ ಮಾತಾಡಬಹುದು, ಶುಲ್ಕವಿಲ್ಲ, ಗಂಡನೂ ಅತ್ತೆಯೂ ಕರೆ ಮಾಡಬಹುದು. ನಿಮ್ಹಾನ್ಸ್ ಈ ಯೋಜನೆಯ ಮುಖ್ಯ ಕೇಂದ್ರ. ಬಸುರು, ಬಾಣಂತನದ ಕಾಲದ ಮಾನಸಿಕ ಆರೋಗ್ಯದಲ್ಲಿ ನಿಮ್ಹಾನ್ಸ್‌ಗೆ ದೀರ್ಘ ಅನುಭವವಿದೆ. ಅಲ್ಲಿನ ತಾಯಿ-ಮಗು ವಿಭಾಗ ಆರಂಭವಾದದ್ದು 2009ರಲ್ಲಿ. ಜ್ಞಾನಭಾರತಿ ನಿಲ್ದಾಣದಿಂದ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಲಾಲ್‌ಬಾಗ್, ಅಲ್ಲಿಂದ ಆಟೊ ಹಿಡಿದರೆ ತಲುಪಬಹುದು. ಬೆಳಿಗ್ಗೆ ಬೇಗ ಹೋಗುವುದು ಒಳ್ಳೆಯದು. ಊರಿನಲ್ಲಿರುವ ತವರಿಗೆ ಹೋದವರಿಗೆ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್‌ಗಳಿವೆ.

ಇಷ್ಟೆಲ್ಲ ಓದಿದವರು ಇಂದೇ ಮಾಡಬಹುದಾದ ಒಂದು ಕೆಲಸವಿದೆ. ನಿಮಗೆ ಗೊತ್ತಿರುವ ಯಾರಾದರೂ ಈ ವರ್ಷ ಗರ್ಭವನ್ನೋ, ಮಗುವನ್ನೋ ಕಳೆದುಕೊಂಡಿದ್ದರೆ, ಎರಡು ತಾರೀಖುಗಳನ್ನು ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ: ಹೆರಿಗೆಗೆಂದು ವೈದ್ಯರು ಕೊಟ್ಟಿದ್ದ ದಿನ, ಮತ್ತು ನಷ್ಟವಾಗಿ ಒಂದು ವರ್ಷ ತುಂಬುವ ದಿನ. ಮೊದಲ ವಾರದಲ್ಲಿ ಎಲ್ಲರೂ ಬರುತ್ತಾರೆ. ಆ ಎರಡು ದಿನ ಯಾರೂ ಬರುವುದಿಲ್ಲ. ಅಂದು ಫೋನ್ ಮಾಡಿ, ನೆನಪಿದೆ ಎಂದು ಹೇಳಿ, ಸಂಜೆ ಊಟ ತರುತ್ತೇನೆಂದು ಹೇಳಿ, ತಪ್ಪದೆ ತನ್ನಿ.